ನಾಕಾಬಂದಿಯಲ್ಲಿ ಬ್ಯಾಗ್ ಸುರಿದರು, ಅಜ್ಜಿಯ ಅಡಕತ್ತರಿ ಇಟ್ಟುಕೊಂಡರು. ಪೊಲೀಸರು ಎಲ್ಲಿಯವರೆಗೆ ಹುಡುಕಬಹುದು?

ಸಾಗರದ ಹುಡುಗ
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೋದ ಭಾನುವಾರ ಊರಿಂದ ಬೆಂಗಳೂರಿಗೆ ಬರುತ್ತಿದ್ದೆ. ಗೆಳೆಯನ ಕಾರು, ಓಡಿಸುತ್ತಿದ್ದವನೂ ಅವನೇ. ರಾತ್ರಿ ಹನ್ನೊಂದೂವರೆ ಇರಬೇಕು. ಹೆದ್ದಾರಿಯಲ್ಲಿ ಬ್ಯಾರಿಕೇಡ್ ಹಾಕಿ ನಿಲ್ಲಿಸಿದರು. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಎಲ್ಲ ಸರಿ ಇತ್ತು. ಬಾಯಿ ಊದಿಸಿದರು, ಅದೂ ಸೊನ್ನೆ. ಇನ್ನು ಬಿಡುತ್ತಾರೆ ಅಂದುಕೊಂಡೆವು. ಬಿಡಲಿಲ್ಲ. ಡಿಕ್ಕಿ ತೆಗೆಸಿದರು. ನನ್ನ ಬ್ಯಾಗ್ ಎತ್ತಿ ಬಾನೆಟ್ ಮೇಲೆ ಸುರಿದರು. ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಹಾಕಿ ಕಲಕಿ, ಮೂಸಿ ನೋಡಿದರು. ಗಾಳಿಗೆ ಅರ್ಧ ಪುಡಿ ಹಾರಿ ವೈಪರ್ ಸಂದಿಯಲ್ಲಿ ಕೂತಿತು. ಆಮೇಲೆ ಫೋನ್ ಲಾಕ್ ತೆಗೆ ಅಂದರು. ಹೆದರಿ ತೆಗೆದುಕೊಟ್ಟೆ. ವಾಟ್ಸಾಪ್ ನೋಡಿದರು, ಗ್ಯಾಲರಿ ನೋಡಿದರು. ತಂಗಿಯ ಸೀಮಂತದ ಫೋಟೋಗಳನ್ನು ಯಾರೋ ಗುರುತಿಲ್ಲದವರು ಒಂದೊಂದಾಗಿ ಸರಿಸುವುದನ್ನು ನಿಂತು ನೋಡಬೇಕಾಯಿತು.

ಕೊನೆಗೆ ಬ್ಯಾಗಿನ ತಳದಲ್ಲಿ ಅಜ್ಜಿಯ ಅಡಕತ್ತರಿ ಸಿಕ್ಕಿತು. ಹಿತ್ತಾಳೆ ಹಿಡಿ, ತುದಿಯಲ್ಲಿ ಗಿಳಿ. ಬೆಂಗಳೂರಿನ ಅತ್ತೆಗೆ ಕೊಡು ಅಂತ ಅಜ್ಜಿ ಕಳಿಸಿದ್ದು. "ಇದು ಆಯುಧ" ಅಂದವರೇ ಜೀಪಿಗೆ ಹಾಕಿಕೊಂಡರು. ರಶೀದಿ ಇಲ್ಲ, ಚೀಟಿ ಇಲ್ಲ, ಹೆಸರು ಬರೆದುಕೊಳ್ಳಲಿಲ್ಲ. "ಹೋಗ್ರಿ" ಅಂದರು, ಬಂದೆವು.

ನನ್ನ ಪ್ರಶ್ನೆ ಎರಡು. ಸುಮ್ನೆ ಹೋಗುವವರನ್ನು ಹೀಗೆ ಜಾಲಾಡಲು ಕಾನೂನಿನಲ್ಲಿ ಅವಕಾಶ ಇದೆಯಾ? ಆ ಅಡಕತ್ತರಿ ವಾಪಸ್ ಪಡೆಯುವುದು ಹೇಗೆ?

ಮಂಡ್ಯ ಸಕ್ಕರೆ
ಅಡಕತ್ತರಿ ಆಯುಧ ಆದರೆ ನಮ್ಮೂರಿನ ಅಜ್ಜಿಯರನ್ನೆಲ್ಲ ಒಳಗೆ ಹಾಕಬೇಕಾಗುತ್ತದೆ. ತುಂಬಾ ಬೇಜಾರಾಯಿತು ಓದಿ.

ದಾವಣಗೆರೆ ಬೆಣ್ಣೆ
ಪೊಲೀಸರು ಹಾಗೆಲ್ಲ ಮುಟ್ಟುವ ಹಾಗೇ ಇಲ್ಲ. ಯಾರನ್ನೇ ಹುಡುಕಬೇಕಾದರೂ ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಿಗೇ ಹುಡುಕಬೇಕು. ಸುಪ್ರೀಂ ಕೋರ್ಟ್ ಹೇಳಿದೆ. ನೀವು ಅದನ್ನು ಕೇಳಬೇಕಿತ್ತು.

ಲಾರಿ ಮೇಷ್ಟ್ರು
ಇಪ್ಪತ್ತೆರಡು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ರಾತ್ರಿ ಹನ್ನೊಂದೂವರೆಗೆ ಹೆದ್ದಾರಿಯಲ್ಲಿ ಮ್ಯಾಜಿಸ್ಟ್ರೇಟ್ ಕರೆಸಿ ಅಂದರೆ ಏನಾಗುತ್ತದೆ ಅಂತ ನಮಗೆ ಗೊತ್ತು. ಬೆಳಗಿನವರೆಗೆ ಗಾಡಿ ಅಲ್ಲೇ.

ತುಮಕೂರು ವಕೀಲೆ
ಸ್ವಲ್ಪ ಉದ್ದ ಬರೆಯುತ್ತೇನೆ. ಇದರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ ಇದೆ.

ಮೂರು ಕೆಲಸವನ್ನು ಬೇರೆ ಬೇರೆ ಇಟ್ಟು ನೋಡಿ. ಕಾಗದ ಕೇಳುವುದು ಒಂದು. ಕಣ್ಣಿಗೆ ಬಿದ್ದದ್ದನ್ನು ನೋಡುವುದು ಇನ್ನೊಂದು. ಮುಚ್ಚಿಟ್ಟದ್ದನ್ನು ತೆಗೆಸಿ ಹುಡುಕುವುದು ಮತ್ತೊಂದು. ಕಾಗದ ಕೇಳಲು ಮೋಟಾರು ವಾಹನ ಕಾಯ್ದೆ 1988ರ ಕಲಂ 130 ಇದೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಬಾಯಿ ಊದಿಸಲು ಕಲಂ 203. ಅಲ್ಲಿಗೆ ಆ ಕಾಯ್ದೆಯ ಕೆಲಸ ಮುಗಿಯಿತು. ಬ್ಯಾಗ್ ಸುರಿಯಲು ಅದು ದಾರಿ ಕೊಡುವುದಿಲ್ಲ.

ಹುಡುಕುವ ಅಧಿಕಾರ ಬರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಿಂದ, ಅಂದರೆ ಬಿಎನ್‌ಎಸ್‌ಎಸ್. ಹಳೆಯ ಸಿಆರ್‌ಪಿಸಿ ಜಾಗಕ್ಕೆ 1 ಜುಲೈ 2024ರಿಂದ ಬಂದದ್ದು. ಅದರ ಕಲಂ 185 ಓದಿ. ವಾರಂಟ್ ಇಲ್ಲದೆ ಹುಡುಕಬಹುದು, ಆದರೆ ಠಾಣೆಯ ಅಧಿಕಾರಿ ಅಥವಾ ತನಿಖಾಧಿಕಾರಿ ಮಾಡಬೇಕು. ಒಂದು ಅಪರಾಧದ ತನಿಖೆ ಇರಬೇಕು. ಅದಕ್ಕೆ ಬೇಕಾದ ಇಂಥ ವಸ್ತು ಇಂಥ ಜಾಗದಲ್ಲಿ ಇದೆ ಅಂತ ನಂಬಲು ಸಕಾರಣ ಇರಬೇಕು. ವಾರಂಟ್ ತರಲು ಹೋದರೆ ತಡವಾಗುತ್ತದೆ ಅನ್ನುವ ಸ್ಥಿತಿ ಇರಬೇಕು. ಇದನ್ನೆಲ್ಲ ಹುಡುಕುವ ಮೊದಲೇ ಬರೆದಿಡಬೇಕು. ತಾನೇ ಹೋಗಲು ಆಗದಿದ್ದರೆ ಕೈಕೆಳಗಿನವರಿಗೆ ಬರಹದಲ್ಲೇ ಆದೇಶ ಕೊಡಬೇಕು. ಆ ದಾಖಲೆಯ ಪ್ರತಿ 48 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕು.

ಕಾರು 'ಜಾಗ' ಹೇಗಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಕಾನೂನಿನ ವ್ಯಾಖ್ಯೆಯಲ್ಲೇ ಸ್ಥಳ ಅಂದರೆ ಮನೆ, ಕಟ್ಟಡ, ಡೇರೆ, ವಾಹನ, ಹಡಗು ಎಲ್ಲ ಸೇರುತ್ತದೆ. ಮನೆಗೆ ಇರುವ ರಕ್ಷಣೆ ಡಿಕ್ಕಿಗೂ ಇದೆ.

ಹೊಸದಾಗಿ ಬಂದದ್ದು ಕಲಂ 105. ಶೋಧ, ಜಪ್ತಿ, ಪಟ್ಟಿ ಬರೆಯುವುದು, ಪಂಚರ (ಅಂದರೆ ಶೋಧದ ಸಾಕ್ಷಿಗಳ) ಸಹಿ ಎಲ್ಲವನ್ನೂ ವಿಡಿಯೋ ಮಾಡಬೇಕು. ಮೊಬೈಲಿನಲ್ಲಾದರೂ ಸರಿ. ಆ ವಿಡಿಯೋ ತಡಮಾಡದೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. ನಿಮ್ಮ ಬ್ಯಾಗ್ ಸುರಿಯುವಾಗ ಯಾರಾದರೂ ವಿಡಿಯೋ ಮಾಡಿದರಾ?

ದಾವಣಗೆರೆ ಬೆಣ್ಣೆ ಅವರೇ, ನೀವು ಹೇಳಿದ್ದು ಎನ್‌ಡಿಪಿಎಸ್ ಕಾಯ್ದೆ 1985ರ ಕಲಂ 50. ಅದು ಮಾದಕ ವಸ್ತುವಿಗಾಗಿ ಹುಡುಕುವಾಗ ಮಾತ್ರ. ಅದರಲ್ಲೂ ಮೈ ಹುಡುಕುವಾಗ ಮಾತ್ರ. ಬ್ಯಾಗಿಗೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2005ರ ಪವನ್ ಕುಮಾರ್ ಕೇಸಿನಲ್ಲಿ ಹೇಳಿತು. 2023ರಲ್ಲಿ ರಂಜನ್ ಕುಮಾರ್ ಛಡ್ಡಾ ಕೇಸಿನಲ್ಲಿ ಅದನ್ನೇ ಮತ್ತೆ ಹೇಳಿತು.

ದಾವಣಗೆರೆ ಬೆಣ್ಣೆ
ಸರಿ, ತಿದ್ದಿಕೊಂಡೆ. ಆದರೆ ಬೆನ್ನಿಗೆ ಹಾಕಿಕೊಂಡ ಬ್ಯಾಗ್ ಮೈಯ ಭಾಗ ಅಲ್ಲ ಅನ್ನುವುದು ನನಗೆ ಒಪ್ಪಿಗೆ ಆಗುವುದಿಲ್ಲ. ಜೇಬಿಗೆ ಒಂದು ನ್ಯಾಯ, ಬ್ಯಾಗಿಗೆ ಒಂದು ನ್ಯಾಯ ಹೇಗೆ?

ತುಮಕೂರು ವಕೀಲೆ
ಕೋರ್ಟ್ ಕೊಟ್ಟ ಕಾರಣ ಸರಳ. ಬ್ಯಾಗ್ ಕೆಳಗಿಡಬಹುದು, ಬೇರೆಯವರಿಗೆ ಕೊಡಬಹುದು. ಮೈ ಹಾಗಲ್ಲ. ನಿಮ್ಮ ಅಸಮಾಧಾನ ನನಗೂ ಇದೆ. ಆದರೆ ಇವತ್ತು ಕಾನೂನು ಅದೇ.

ನಿವೃತ್ತ ಎಎಸ್‌ಐ
ನಾನು ಇಲಾಖೆಯಲ್ಲಿ 34 ವರ್ಷ ಇದ್ದವನು. ಅಡಕತ್ತರಿ ಇಟ್ಟುಕೊಂಡದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಕಾಬಂದಿಯನ್ನೇ ತಪ್ಪು ಅನ್ನಬೇಡಿ. ಅಪರಾಧ ಆಗುವ ಮೊದಲು ತಡೆಯುವುದೂ ಪೊಲೀಸರ ಕರ್ತವ್ಯ. ಬಿಎನ್‌ಎಸ್‌ಎಸ್ ಕಲಂ 168 ಅದನ್ನೇ ಹೇಳುತ್ತದೆ. ಕಲಂ 106ರಲ್ಲಿ ಅನುಮಾನದ ಮಾಲು ಕಂಡರೆ ಜಪ್ತಿ ಮಾಡಬಹುದು.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಚಳಿಗಾಲ, ಎರಡೂವರೆ ಗಂಟೆ. ಒಂದು ವ್ಯಾನ್ ಬಂತು. ಒಳಗೆ ಮೂವರು. ಎಲ್ಲಿಂದ ಅಂದರೆ ಒಬ್ಬ ಮದುವೆ ಮನೆಯಿಂದ ಅಂದ, ಇನ್ನೊಬ್ಬ ಆಸ್ಪತ್ರೆಯಿಂದ ಅಂದ. ಮೂರನೆಯವನ ಪಂಚೆಯ ತುಂಬಾ ಎಣ್ಣೆಯ ಜಿಡ್ಡು, ಕುಂಕುಮದ ಕಲೆ. ಹಿಂದೆ ಗೋಣಿಚೀಲ. ಎತ್ತಿದರೆ ಠಣ್ ಅಂತ ಸದ್ದು. ದೇವಸ್ಥಾನದ ಗಂಟೆ, ದೀಪದ ಕಂಬ, ಆರತಿ ತಟ್ಟೆ. ಪಕ್ಕದ ಹಳ್ಳಿಯವರಿಗೆ ಕಳುವಾದದ್ದೇ ಗೊತ್ತಾಗಿರಲಿಲ್ಲ. ಅವತ್ತು ವಾರಂಟ್ ತರುತ್ತೇನೆ ಅಂತ ಹೋಗಿದ್ದರೆ ಗಂಟೆ ಕರಗಿ ಹೋಗಿರುತ್ತಿತ್ತು.

ತುಮಕೂರು ವಕೀಲೆ
ಸರ್, ನಿಮ್ಮ ಕಥೆಯೇ ನನ್ನ ವಾದ. ಮೂವರ ಮಾತು ತಾಳೆಯಾಗಲಿಲ್ಲ. ಪಂಚೆಯಲ್ಲಿ ಎಣ್ಣೆ, ಕುಂಕುಮ. ಚೀಲದಲ್ಲಿ ಲೋಹದ ಸದ್ದು. ಸಕಾರಣ ಅಂದರೆ ಇದೇ. ಕಾರಣ ಮೊದಲು ಬಂತು, ಶೋಧ ಆಮೇಲೆ ಬಂತು. ಸಾಗರದ ಹುಡುಗರ ವಿಷಯದಲ್ಲಿ ಕಾರಣ ಏನಿತ್ತು?

ನಿವೃತ್ತ ಎಎಸ್‌ಐ
ಇಲ್ಲ ಅಂತಲೇ ಕಾಣುತ್ತದೆ. ಒಪ್ಪುತ್ತೇನೆ. ಆದರೆ ಹೊಸ ಹುಡುಗರಿಗೆ ಆ ಕಣ್ಣು ಬರಲು ವರ್ಷಗಳು ಬೇಕು. ಮೇಲಿನಿಂದ ಇವತ್ತು ಇಷ್ಟು ಗಾಡಿ ಚೆಕ್ ಆಗಬೇಕು ಅಂತ ಲೆಕ್ಕ ಕೇಳಿದಾಗ ಎಲ್ಲರ ಡಿಕ್ಕಿಯನ್ನೂ ತೆಗೆಸುತ್ತಾರೆ. ನಮ್ಮ ಕಾಲದಲ್ಲೂ ಹಾಗೇ ಇತ್ತು. ಬೇಜಾರಿನಿಂದ ಹೇಳುತ್ತಿದ್ದೇನೆ.

ಬೆಂಗಳೂರು ಡೆಲಿವರಿ
ದಿನಾ ಎರಡು ಸಲ ನಿಲ್ಲಿಸುತ್ತಾರೆ. ಪಕ್ಕದಲ್ಲೇ ದೊಡ್ಡ ಕಾರುಗಳು ಹೋಗುತ್ತಿರುತ್ತವೆ. ನಮ್ಮ ಪೆಟ್ಟಿಗೆ ತೆಗೆಸಿದರೆ ಊಟ ತಣ್ಣಗಾಗುತ್ತದೆ, ರೇಟಿಂಗ್ ಹೋಗುತ್ತದೆ. ಯಾರನ್ನು ಕೇಳುವುದು?

ಹೆಬ್ಬಾಳದ ಹಕ್ಕಿ
ಕಾಗದ ನೋಡಲು ಅಂತಲೇ ಗಾಡಿ ನಿಲ್ಲಿಸುವ ಹಾಗಿಲ್ಲ ಅಂತ ಜೂನ್ 2022ರಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರೇ ಟ್ವೀಟ್ ಮಾಡಿದ್ದರು ಅಲ್ವಾ? ಕಣ್ಣಿಗೆ ಕಾಣುವ ತಪ್ಪು ಮಾಡಿದ್ದರೆ ಮಾತ್ರ ನಿಲ್ಲಿಸಿ, ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಅಂದಿದ್ದರು. ಅದು ಈಗ ಎಲ್ಲಿ ಹೋಯಿತು?

ಮಂಡ್ಯ ಸಕ್ಕರೆ
ಟ್ವೀಟ್ ಕಾನೂನು ಅಲ್ಲವಲ್ಲ. ಅಧಿಕಾರಿ ಬದಲಾದರೆ ಸೂಚನೆಯೂ ಮರೆತುಹೋಗುತ್ತದೆ.

ಹೆಬ್ಬಾಳದ ಹಕ್ಕಿ
ಕಾನೂನು ಅಲ್ಲ, ಸರಿ. ಆದರೆ ಇಲಾಖೆಯ ಮುಖ್ಯಸ್ಥರೇ ಜನರ ಎದುರು ಕೊಟ್ಟ ಮಾತು. ಅದನ್ನು ಪ್ರಿಂಟ್ ತೆಗೆದು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಂಡಿದ್ದೇನೆ. ಎರಡು ಸಲ ಕೆಲಸಕ್ಕೆ ಬಂದಿದೆ. ಜಗಳ ಆಡಲಿಲ್ಲ, ತೋರಿಸಿದೆ ಅಷ್ಟೇ.

ಕಡಲ ತೀರ
ಫೋನ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸಿದ್ದು ಅದೇ. ಬ್ಯಾಗಿನಲ್ಲಿ ಬಟ್ಟೆ ಇರುತ್ತದೆ. ಫೋನಿನಲ್ಲಿ ಇಡೀ ಜೀವನ ಇರುತ್ತದೆ. 2021ರಲ್ಲಿ ಹೈದರಾಬಾದಿನಲ್ಲಿ ರಸ್ತೆಯಲ್ಲೇ ಜನರ ವಾಟ್ಸಾಪ್ ತೆಗೆಸಿ 'ಗಾಂಜಾ' ಅಂತ ಹುಡುಕಿದ ವಿಡಿಯೋ ನೋಡಿ ಬೆಚ್ಚಿದ್ದೆ. ನಮ್ಮಲ್ಲೂ ಶುರುವಾಯಿತಾ?

ಕಾನೂನು ವಿದ್ಯಾರ್ಥಿ
ಇದರಲ್ಲಿ ನಮ್ಮ ರಾಜ್ಯದ್ದೇ ಎರಡು ದೊಡ್ಡ ನಂಟು ಇದೆ. 24 ಆಗಸ್ಟ್ 2017ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಇನ್ನೊಂದು, 2021ರ ವೀರೇಂದ್ರ ಖನ್ನಾ ಕೇಸು. ಅದು ಕರ್ನಾಟಕ ಹೈಕೋರ್ಟಿನದ್ದೇ. ಆರೋಪಿ ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ಪೊಲೀಸರು ಕೋರ್ಟಿಗೆ ಹೋಗಿ ಶೋಧದ ವಾರಂಟ್ ಕೇಳಬೇಕು ಅಂತ ಹೇಳಿದೆ. ಕೇಸಿನ ಆರೋಪಿಗೇ ಇಷ್ಟು ರಕ್ಷಣೆ ಇದೆ. ಕೇಸೇ ಇಲ್ಲದ ದಾರಿಹೋಕರ ಫೋನ್ ಬ್ಯಾರಿಕೇಡ್ ಹತ್ತಿರ ತೆಗೆಸುವುದು ಯಾವ ಲೆಕ್ಕ?

ಸಾಗರದ ಹುಡುಗ
ನಾನೇ ತೆಗೆದುಕೊಟ್ಟೆ. ಅದೇ ನನ್ನನ್ನು ಚುಚ್ಚುತ್ತಿರುವುದು. ಒಪ್ಪಿಗೆ ಕೊಟ್ಟ ಹಾಗೆ ಆಯಿತಾ?

ತುಮಕೂರು ವಕೀಲೆ
ನಡುರಾತ್ರಿ, ನಾಲ್ಕು ಜನ ಸಮವಸ್ತ್ರದವರು ಸುತ್ತ ನಿಂತು ಕೇಳಿದಾಗ ಕೊಟ್ಟದ್ದನ್ನು ಮನಃಪೂರ್ವಕ ಒಪ್ಪಿಗೆ ಅಂತ ನಾನು ಕರೆಯುವುದಿಲ್ಲ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಮುಂದಿನ ಸಲ ಒಂದೇ ಮಾತು ಹೇಳಿ: "ಸರ್, ನನ್ನ ಒಪ್ಪಿಗೆ ಇಲ್ಲ. ನೋಟಿಸ್ ಕೊಡಿ, ಬರುತ್ತೇನೆ." ದನಿ ಎತ್ತಬೇಡಿ. ಕೈ ಅಡ್ಡ ಹಿಡಿಯಬೇಡಿ. ತಳ್ಳಾಟ ಆದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸು ಹಾಕುತ್ತಾರೆ. ಆಗ ನಿಮ್ಮ ದೂರು ಹಿಂದೆ ಬೀಳುತ್ತದೆ.

ದಾವಣಗೆರೆ ಬೆಣ್ಣೆ
ನಾವೂ ಅವರ ವಿಡಿಯೋ ಮಾಡಬಹುದಾ?

ಕಾನೂನು ವಿದ್ಯಾರ್ಥಿ
ರಸ್ತೆಯಲ್ಲಿ ದೂರ ನಿಂತು, ಕೆಲಸಕ್ಕೆ ಅಡ್ಡ ಬರದೆ ಮಾಡಿದರೆ ತಡೆಯುವ ಕಾನೂನು ಇಲ್ಲ. ಠಾಣೆಯ ಒಳಗೆ ವಿಡಿಯೋ ಮಾಡಿದವರ ಮೇಲೆ ಸರ್ಕಾರಿ ರಹಸ್ಯ ಕಾಯ್ದೆ ಹಾಕಿದ್ದನ್ನೂ 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಒಪ್ಪಲಿಲ್ಲ. ಠಾಣೆ ಆ ಕಾಯ್ದೆಯ 'ನಿಷೇಧಿತ ಸ್ಥಳ' ಅಲ್ಲ ಅಂದಿತು.

ಗುಬ್ಬಚ್ಚಿ
ಹೆಣ್ಣುಮಕ್ಕಳ ವಿಷಯ ಯಾರಾದರೂ ಹೇಳಿ. ನಾನು ನರ್ಸ್. ರಾತ್ರಿ ಪಾಳಿ ಮುಗಿಸಿ ಸ್ಕೂಟಿಯಲ್ಲಿ ಬರುವಾಗ ಹ್ಯಾಂಡ್‌ಬ್ಯಾಗ್ ತೆಗೆಸಿದರು. ಮಹಿಳಾ ಪೊಲೀಸ್ ಯಾರೂ ಇರಲಿಲ್ಲ. ಒಳಗೆ ಪ್ಯಾಡ್ ಇತ್ತು. ಟಾರ್ಚ್ ಬಿಟ್ಟು ನೋಡಿ, ತಲೆ ತಗ್ಗಿಸಿ, "ಸರಿ ಹೋಗಮ್ಮ" ಅಂದರು. ಅವರಿಗೂ ಮುಜುಗರ ಆಯಿತು. ಆದರೆ ನಾನು ಆ ರಸ್ತೆಯನ್ನೇ ಬಿಟ್ಟಿದ್ದೇನೆ. ದಿನಾ ಮೂರು ಕಿಲೋಮೀಟರ್ ಸುತ್ತಿ ಬರುತ್ತೇನೆ.

ತುಮಕೂರು ವಕೀಲೆ
ಗುಬ್ಬಚ್ಚಿ, ಹೆಣ್ಣಿನ ಮೈಯನ್ನು ಹೆಣ್ಣೇ ಹುಡುಕಬೇಕು, ಮರ್ಯಾದೆ ಕಾಪಾಡಿ ಹುಡುಕಬೇಕು. ಬಂಧನವಾದಾಗ ಬಿಎನ್‌ಎಸ್‌ಎಸ್ ಕಲಂ 49, ಜಾಗದ ಶೋಧದಲ್ಲಿ ಕಲಂ 103, ಮಾದಕ ವಸ್ತು ಕೇಸಿನಲ್ಲಿ ಕಲಂ 50ರ ಉಪಕಲಂ 4. ಮೂರೂ ಕಡೆ ಇದೇ ಮಾತು. ಬ್ಯಾಗಿನ ಬಗ್ಗೆ ಅಷ್ಟು ಬಿಡಿಸಿ ಹೇಳಿಲ್ಲ. ಆದರೆ ಚುನಾವಣಾ ತಪಾಸಣೆಗೆ ಆಯೋಗ ಕೊಟ್ಟ ಸೂಚನೆಯಲ್ಲಿ ಮಹಿಳಾ ಅಧಿಕಾರಿ ಇಲ್ಲದೆ ಹೆಂಗಸರ ಪರ್ಸ್ ತೆರೆಯಬಾರದು ಅಂತ ನೇರವಾಗಿಯೇ ಇದೆ. ವರ್ಷಪೂರ್ತಿ ಅದೇ ನಿಯಮ ಯಾಕೆ ಇರಬಾರದು?

ಬೆಳಗಾವಿ ಕುಂದಾ
ಚುನಾವಣೆ ಅಂದದ್ದಕ್ಕೆ ನೆನಪಾಯಿತು. ನಮ್ಮ ಅಣ್ಣ ಎತ್ತು ತರಲು ಜಾತ್ರೆಗೆ ಹೊರಟಿದ್ದ. ಸೊಂಟದ ಚೀಲದಲ್ಲಿ 1,40,000 ರೂಪಾಯಿ. ಕಬ್ಬಿನ ದುಡ್ಡು. ನೀತಿಸಂಹಿತೆ ಇತ್ತು, 50,000ಕ್ಕಿಂತ ಜಾಸ್ತಿ ಅಂತ ಹಿಡಿದರು. ಜಾತ್ರೆಯಲ್ಲಿ ಎತ್ತು ಕೊಡುವವನು ಬಿಲ್ ಕೊಡುತ್ತಾನಾ? ಎತ್ತು ಬೇರೆಯವರ ಪಾಲಾಯಿತು.

ಆದರೆ ಒಂದು ಒಳ್ಳೆಯದಾಯಿತು. ಅಲ್ಲಿ ರಶೀದಿ ಕೊಟ್ಟರು, ವಿಡಿಯೋ ಮಾಡಿದರು. ಜಿಲ್ಲಾ ಪಂಚಾಯಿತಿ ಸಿಇಒ, ವೆಚ್ಚ ನಿಗಾ ನೋಡಲ್ ಅಧಿಕಾರಿ, ಖಜಾನೆ ಅಧಿಕಾರಿ ಇರುವ ಸಮಿತಿಗೆ ಹೋಗಿ ಅಂತ ಅಲ್ಲೇ ಹೇಳಿದರು. ಕಾರ್ಖಾನೆಯ ಬಿಲ್ಲು, ಪಾಸ್‌ಬುಕ್ ತೋರಿಸಿದೆವು. ದುಡ್ಡು ಪೂರ್ತಿ ಬಂತು. ಕಾಗದ ಇದ್ದದ್ದಕ್ಕೆ ಬಂತು.

ಲಾರಿ ಮೇಷ್ಟ್ರು
ಕಾಗದ ಅಂದರೆ ನನ್ನದೂ ಒಂದು. ದಾರಿಯಲ್ಲಿ ನಿಲ್ಲಿಸಿ "ಪಂಚನಾಗಿ ಸಹಿ ಹಾಕು" ಅಂದರು. ಬೇರೆ ಯಾರದ್ದೋ ಗಾಡಿಯ ಕೇಸು. ಹಾಳೆ ನೋಡಿದರೆ ಅರ್ಧ ಖಾಲಿ. ಆಗ ಸಹಿ ಹಾಕಿದೆ, ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಕೋರ್ಟಿಗೆ ಕರೆ ಬಂತು. ವಕೀಲರು "ನೀನು ಏನು ನೋಡಿದೆ" ಅಂದರು. ನಾನು ಏನೂ ನೋಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವತ್ತಿಗೂ ಆ ಆರೋಪಿ ನಿಜವಾಗಿ ತಪ್ಪು ಮಾಡಿದ್ದನೋ ಇಲ್ಲವೋ ಅಂತ ಯೋಚನೆ ಬರುತ್ತದೆ. ಈಗ ನಮ್ಮ ಹುಡುಗರಿಗೆಲ್ಲ ಹೇಳುತ್ತೇನೆ: ನೋಡದ ಮಹಜರಿಗೆ, ಖಾಲಿ ಹಾಳೆಗೆ ಸಹಿ ಬೇಡ.

ತುಮಕೂರು ವಕೀಲೆ
ಇದು ತುಂಬಾ ಮುಖ್ಯ. ಕಲಂ 103ರಲ್ಲಿ ಆ ಭಾಗದ ಇಬ್ಬರು ಸ್ವತಂತ್ರ, ಗೌರವಸ್ಥ ನಿವಾಸಿಗಳ ಎದುರಿಗೆ ಶೋಧ ಆಗಬೇಕು, ಪಟ್ಟಿ ಬರೆಯಬೇಕು, ಪ್ರತಿ ಕೊಡಬೇಕು ಅಂತ ಇದೆ. ದಿನಾ ಅದೇ ಇಬ್ಬರು ಪಂಚರು ಎಲ್ಲ ಕೇಸಿನಲ್ಲೂ ಬರುವುದನ್ನು ನಾನು ಕೋರ್ಟಿನಲ್ಲಿ ನೋಡಿದ್ದೇನೆ. ಒಂದು ಎಚ್ಚರಿಕೆ: ಬರಹದಲ್ಲಿ ಆದೇಶ ಕೊಟ್ಟು ಪಂಚರಾಗಿ ಬನ್ನಿ ಅಂದರೆ ಸಕಾರಣ ಇಲ್ಲದೆ ನಿರಾಕರಿಸುವುದು ಅಪರಾಧ. ಹೋಗಿ, ಕಣ್ಣಾರೆ ನೋಡಿ, ಓದಿ ಸಹಿ ಹಾಕಿ.

ಕಾನೂನು ವಿದ್ಯಾರ್ಥಿ
ನನಗೆ ಒಂದು ಕೊರಗು ಇದೆ. ತಪ್ಪು ಶೋಧದಲ್ಲಿ ಸಿಕ್ಕ ಸಾಕ್ಷ್ಯವೂ ನಮ್ಮಲ್ಲಿ ನಡೆಯುತ್ತದೆ. 1974ರ ಪೂರಣ್ ಮಲ್ ತೀರ್ಪಿನಿಂದ ಇದೇ ದಾರಿ. ಸಾಕ್ಷ್ಯ ಪ್ರಸ್ತುತವಾದರೆ ಸಾಕು, ಹೇಗೆ ಸಿಕ್ಕಿತು ಅನ್ನುವುದು ಆಮೇಲೆ. ಅಮೆರಿಕದಲ್ಲಿ ಅಂಥ ಸಾಕ್ಷ್ಯವನ್ನು ಕೋರ್ಟ್ ಹೊರಗೆ ಎಸೆಯುತ್ತದೆ. ಇಲ್ಲಿ ನಿಯಮ ಮುರಿದರೂ ಪೊಲೀಸರಿಗೆ ನಷ್ಟ ಇಲ್ಲ ಅಂದಮೇಲೆ ಕಲಂ 185 ಯಾರು ಪಾಲಿಸುತ್ತಾರೆ?

ತುಮಕೂರು ವಕೀಲೆ
ಅರ್ಧ ಸರಿ. ಎನ್‌ಡಿಪಿಎಸ್‌ನಲ್ಲಿ ಹಾಗಿಲ್ಲ. 1999ರ ಬಲದೇವ್ ಸಿಂಗ್ ಕೇಸು, 2010ರ ವಿಜಯಸಿಂಹ ಜಡೇಜಾ ಕೇಸು, ಎರಡೂ ಸಂವಿಧಾನ ಪೀಠದವು. ಮೈ ಹುಡುಕುವ ಮೊದಲು "ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಹುಡುಕಿಸಿಕೊಳ್ಳುವ ಹಕ್ಕು ನಿನಗಿದೆ" ಅಂತ ಹೇಳಲೇಬೇಕು. ಹೇಳದಿದ್ದರೆ ಮೈಮೇಲೆ ಸಿಕ್ಕಿದ್ದನ್ನೇ ನಂಬಿ ಶಿಕ್ಷೆ ಕೊಡಲು ಆಗುವುದಿಲ್ಲ. 2014ರ ಪರಮಾನಂದ ಕೇಸಿನಲ್ಲಿ ಇಬ್ಬರು ಆರೋಪಿಗಳಿಗೂ ಸೇರಿಸಿ ಒಂದೇ ನೋಟಿಸ್ ಕೊಟ್ಟದ್ದನ್ನೂ ಒಪ್ಪಲಿಲ್ಲ. ಒಬ್ಬೊಬ್ಬರಿಗೂ ಬೇರೆ ಹೇಳಬೇಕು ಅಂದರು. 2021ರ ಬೂಟಾ ಸಿಂಗ್ ಕೇಸಿನಲ್ಲಿ ರಸ್ತೆ ಮೇಲೆ ನಿಂತ ಖಾಸಗಿ ವಾಹನ ಸಾರ್ವಜನಿಕ ಸ್ಥಳ ಅಲ್ಲ ಅಂದರು. ಹಾಗಾಗಿ ಸಿಕ್ಕ ಮಾಹಿತಿಯನ್ನು ಬರೆದಿಡಬೇಕು ಅನ್ನುವ ಕಲಂ 42ರ ನಿಯಮ ಪಾಲಿಸಬೇಕಿತ್ತು, ಪಾಲಿಸಿರಲಿಲ್ಲ, ಆರೋಪಿಗಳು ಬಿಡುಗಡೆ ಆದರು.

ಅದೇ ಕಾಯ್ದೆಯ ಕಲಂ 58 ಬಹಳ ಜನಕ್ಕೆ ಗೊತ್ತಿಲ್ಲ. ಸಕಾರಣ ಇಲ್ಲದೆ, ಕಿರುಕುಳ ಕೊಡಲು ಶೋಧ ಮಾಡಿದ ಅಧಿಕಾರಿಗೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ಮಂಡ್ಯ ಸಕ್ಕರೆ
1985ರ 1,000 ರೂಪಾಯಿ ಇವತ್ತಿಗೂ 1,000 ರೂಪಾಯಿಯೇ? ಹೆಲ್ಮೆಟ್ ಇಲ್ಲದವನಿಗೆ ಬೀಳುವ ದಂಡಕ್ಕಿಂತ ಏನು ಜಾಸ್ತಿ ಆಯಿತು?

ರೆಡಿಂಗ್ ಕನ್ನಡತಿ
ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ 1984ರ ಕಾಯ್ದೆ ಇದೆ. ನನ್ನ ಮಗನನ್ನು ಒಂದು ಸಂಜೆ ನಿಲ್ಲಿಸಿದರು. ಹುಡುಕುವ ಮೊದಲೇ ಪೊಲೀಸ್ ತನ್ನ ಹೆಸರು, ಠಾಣೆ, ಏನು ಹುಡುಕುತ್ತಿದ್ದೇನೆ, ಯಾವ ಅನುಮಾನ ಅಂತ ಹೇಳಿದರು. ರಸ್ತೆಯಲ್ಲಿ ಜಾಕೆಟ್, ಹೊರಗಿನ ಕೋಟು, ಕೈಗವಸು ಬಿಟ್ಟು ಬೇರೆ ತೆಗೆಸುವ ಹಾಗಿಲ್ಲ. ಆಮೇಲೆ ದಾಖಲೆಯ ಚೀಟಿ ಕೊಟ್ಟರು. ಮಗ ಅದನ್ನು ತಂದು ಊಟದ ಮೇಜಿನ ಮೇಲಿಟ್ಟ. ಇಲ್ಲೂ ಬಣ್ಣ ನೋಡಿ ನಿಲ್ಲಿಸುತ್ತಾರೆ ಅನ್ನುವ ನೋವು ಇದ್ದೇ ಇದೆ, ನನಗೂ ಹಾಗೇ ಅನ್ನಿಸಿತು. ಆದರೆ ಚೀಟಿ ಇತ್ತು. ಯಾರನ್ನು ಪ್ರಶ್ನೆ ಮಾಡಬೇಕು ಅಂತ ಗೊತ್ತಿತ್ತು.

ಮೂರನೇ ಮಹಡಿ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಕೇಳುತ್ತೇನೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮನೆಗೆಲಸದವರ ಬ್ಯಾಗ್ ಅನ್ನು ಸೆಕ್ಯುರಿಟಿಯವರು ದಿನಾ ತೆಗೆಸುತ್ತಾರೆ. ನಮ್ಮ ಮನೆಗೆ ಬರುವವರು ನಾನು ಕೊಟ್ಟ ಹಳೆಯ ಸೀರೆ ತೆಗೆದುಕೊಂಡು ಹೋಗುವಾಗ ಅರ್ಧ ಗಂಟೆ ನಿಲ್ಲಿಸಿದ್ದರು. ಪೊಲೀಸರಿಗೇ ಇಷ್ಟು ನಿಯಮ ಇದೆ ಅಂದರೆ ಇವರಿಗೆ ಯಾವ ಅಧಿಕಾರ?

ಕಾನೂನು ವಿದ್ಯಾರ್ಥಿ
ಯಾವ ಅಧಿಕಾರವೂ ಇಲ್ಲ. ಖಾಸಗಿಯವರಿಗೆ ಇರುವುದು ಬಿಎನ್‌ಎಸ್‌ಎಸ್ ಕಲಂ 40 ಮಾತ್ರ. ಎದುರಿಗೇ ಗಂಭೀರ ಅಪರಾಧ ನಡೆದರೆ ಹಿಡಿದು ಪೊಲೀಸರಿಗೆ ಒಪ್ಪಿಸಬಹುದು. ಒಪ್ಪಿಗೆ ಇಲ್ಲದೆ ಬ್ಯಾಗಿಗೆ ಕೈ ಹಾಕುವ ಹಾಗಿಲ್ಲ.

ಮೂರನೇ ಮಹಡಿ
ಮುಂದಿನ ಸಂಘದ ಸಭೆಯಲ್ಲಿ ಎತ್ತುತ್ತೇನೆ. ನಾವು ಬ್ಯಾರಿಕೇಡ್‌ನಲ್ಲಿ ಅರ್ಧ ಗಂಟೆ ನಿಂತರೆ ನಾಲ್ಕು ದಿನ ನಿದ್ದೆ ಬರುವುದಿಲ್ಲ. ಆಕೆ ದಿನಾ ನಿಲ್ಲುತ್ತಾರೆ.

ನಿವೃತ್ತ ಎಎಸ್‌ಐ
ಸಾಗರದ ಹುಡುಗರೇ, ಅಡಕತ್ತರಿಯ ವಿಷಯಕ್ಕೆ ಬನ್ನಿ. ಆಯುಧ ಕಾಯ್ದೆ 1959ರಲ್ಲೇ ಮನೆಬಳಕೆಗೆ, ಕೃಷಿಗೆ ಅಂತಲೇ ಮಾಡಿದ ವಸ್ತು ಆಯುಧ ಅಲ್ಲ ಅಂತ ಇದೆ. ಲಾಠಿ, ಊರುಗೋಲನ್ನೇ ಉದಾಹರಣೆ ಕೊಟ್ಟಿದ್ದಾರೆ. ಧೈರ್ಯವಾಗಿ ಆ ಠಾಣೆಗೆ ಹಗಲು ಹೊತ್ತು ಹೋಗಿ. ಅರ್ಜಿ ಎರಡು ಪ್ರತಿ ಬರೆಯಿರಿ. ಒಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಪಿಎಸ್‌ಐ ಅವರನ್ನೇ ನೋಡಿ. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ತುಮಕೂರು ವಕೀಲೆ
ಜಪ್ತಿ ಅಂತ ತೋರಿಸಿದ್ದರೆ ಮ್ಯಾಜಿಸ್ಟ್ರೇಟ್‌ಗೆ ವರದಿ ಹೋಗಿರಬೇಕು. ಆಗ ಬಿಎನ್‌ಎಸ್‌ಎಸ್ ಕಲಂ 503ರಲ್ಲಿ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಜಪ್ತಿಯೇ ತೋರಿಸಿಲ್ಲ ಅಂದರೆ ಅದನ್ನು ಇಟ್ಟುಕೊಳ್ಳುವ ಹಕ್ಕೇ ಅವರಿಗಿಲ್ಲ. ಠಾಣೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪುಸ್ತಕದಲ್ಲಿ ಬರೆದಿದ್ದೀರಿ?

ಸಾಗರದ ಹುಡುಗ
ಎಲ್ಲರಿಗೂ ಸುದ್ದಿ ಹೇಳಬೇಕು. ಇವತ್ತು ಹೋಗಿದ್ದೆ. ಅತ್ತೆಯ ಯಜಮಾನರು ಜೊತೆಗೆ ಬಂದರು. ಪಿಎಸ್‌ಐ ಕೂರಿಸಿ ಮಾತಾಡಿಸಿದರು, ಅದು ಹೇಳಲೇಬೇಕು. ಯಾವ ಪುಸ್ತಕದಲ್ಲಿ ಬರೆದಿದ್ದೀರಿ ಅಂತ ಕೇಳಿದೆ. ಅವರು ರಿಜಿಸ್ಟರ್ ತರಿಸಿದರು. ಆ ರಾತ್ರಿಯ ಪುಟದಲ್ಲಿ ನಮ್ಮ ಕಾರಿನ ನಂಬರ್ ಇರಲಿಲ್ಲ, ಅಡಕತ್ತರಿಯೂ ಇರಲಿಲ್ಲ. ಅವರ ಮುಖ ಸಣ್ಣದಾಯಿತು. ಒಬ್ಬರನ್ನು ಕಳಿಸಿ ಜೀಪಿನಲ್ಲಿ ಹುಡುಕಿಸಿದರು. ಸೀಟಿನ ಕೆಳಗೆ ಹಳೆಯ ಪತ್ರಿಕೆಗಳ ಅಡಿಯಲ್ಲಿ ಸಿಕ್ಕಿತು. ಗಿಳಿಯ ಕೊಕ್ಕು ಸ್ವಲ್ಪ ಬಾಗಿದೆ.

"ಪಡೆದುಕೊಂಡಿದ್ದೇನೆ ಅಂತ ಬರೆದುಕೊಟ್ಟು ಹೋಗಿ" ಅಂದರು. ಬರೆದೆ. ಆದರೆ ಪೂರ್ತಿ ಬರೆದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ರಶೀದಿ ಇಲ್ಲದೆ ತೆಗೆದುಕೊಂಡದ್ದು, ಫೋನ್ ನೋಡಿದ್ದು, ಇವತ್ತು ಜೀಪಿನ ಸೀಟಿನ ಕೆಳಗೆ ಸಿಕ್ಕಿದ್ದು. ಸೀಲು ಹಾಕಿಸಿಕೊಂಡು ಪ್ರತಿ ತಂದಿದ್ದೇನೆ. ಆ ರಾತ್ರಿಯ ಬಗ್ಗೆ ಇಡೀ ಠಾಣೆಯಲ್ಲಿ ಇರುವ ಒಂದೇ ಕಾಗದ ಈಗ ನಾನು ಬರೆದದ್ದು.

ಗುಬ್ಬಚ್ಚಿ
ಓದಿ ಕಣ್ಣು ತುಂಬಿತು. ಅಜ್ಜಿಗೆ ಹೇಳಿದಿರಾ?

ಸಾಗರದ ಹುಡುಗ
ಅಜ್ಜಿಗೆ ಕಳೆದದ್ದೇ ಹೇಳಿರಲಿಲ್ಲ. ಅತ್ತೆ ಇವತ್ತು ಅದರಲ್ಲೇ ಅಡಿಕೆ ಕತ್ತರಿಸಿ ಫೋಟೋ ಕಳಿಸಿದರು, ಅದನ್ನು ಅಜ್ಜಿಗೆ ತೋರಿಸಿದೆ. "ಕೊಕ್ಕು ಯಾಕೆ ಸೊಟ್ಟ ಆಗಿದೆ" ಅಂತ ಕೇಳಿದರು.

ತುಮಕೂರು ವಕೀಲೆ
ಇಲ್ಲಿಗೆ ಬಿಡಬೇಡಿ. ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಜಾಸ್ತಿ ಬರೆದರೆ ಅದನ್ನೇ ನೆಪ ಮಾಡುತ್ತಾರೆ.

ಲಾರಿ ಮೇಷ್ಟ್ರು
ಬರೆದರೆ ಇಲ್ಲೂ ಹಾಕಿ. ನಮ್ಮ ಹುಡುಗರಿಗೆ ಪ್ರಿಂಟ್ ತೆಗೆದುಕೊಡುತ್ತೇನೆ.

ಸಾಗರದ ಹುಡುಗ
ಬರೆದಿದ್ದೇನೆ. ನಾಳೆ ಪೋಸ್ಟಲ್ ಆರ್ಡರ್ ಜೊತೆ ಕಳಿಸುತ್ತೇನೆ. ತಪ್ಪಿದ್ದರೆ ತಿದ್ದಿ.

"ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ. ತಾರೀಖು ___ರ ರಾತ್ರಿ 10ರಿಂದ 2 ಗಂಟೆಯವರೆಗೆ ___ ಹೆದ್ದಾರಿಯ ___ ಕಿಲೋಮೀಟರ್ ಹತ್ತಿರ ನಡೆಸಿದ ವಾಹನ ತಪಾಸಣೆಗೆ ಸಂಬಂಧಿಸಿ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ. ತಪಾಸಣೆಗೆ ಕೊಟ್ಟ ಲಿಖಿತ ಆದೇಶ. ಕರ್ತವ್ಯದಲ್ಲಿದ್ದ ಸಿಬ್ಬಂದಿಯ ಹೆಸರು ಮತ್ತು ಹುದ್ದೆಯ ಪಟ್ಟಿ. ಆ ಅವಧಿಯ ಠಾಣಾ ದಿನಚರಿಯ ಪುಟಗಳು. ಬಿಎನ್‌ಎಸ್‌ಎಸ್ ಕಲಂ 105ರ ಪ್ರಕಾರ ಮಾಡಿದ ವಿಡಿಯೋ ಇದ್ದರೆ ಅದರ ಪ್ರತಿ. ಇಲ್ಲದಿದ್ದರೆ 'ಇಲ್ಲ' ಎಂದು ಬರಹದಲ್ಲಿ ತಿಳಿಸಿ."

ನಿವೃತ್ತ ಎಎಸ್‌ಐ
ಚೆನ್ನಾಗಿದೆ. 'ಜೀಪಿನ ಲಾಗ್ ಪುಸ್ತಕದ ಪುಟ' ಅಂತಲೂ ಸೇರಿಸಿ. ಜೀಪು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಚಾಲಕ ಅದರಲ್ಲಿ ಬರೆದೇ ಇರುತ್ತಾನೆ.